ಶಾಲೆಗೆ ಗೋಬರ್ ಗ್ಯಾಸ್ ಟ್ಯಾಂಕ್: ಎರಡು ವರ್ಷ ಉಪಯೋಗಿಸಿದ ಮೇಲೆ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಎಲ್‌ಪಿ ಶಾಲೆ. ನಾಲ್ಕನೇ ಕ್ಲಾಸಿನವರೆಗೆ 74 ಮಕ್ಕಳು. ನಾನು ಪಿಟಿಎಯಲ್ಲಿ (ಹೆತ್ತವರು, ಟೀಚರುಗಳ ಸಂಘ) ಇದ್ದೇನೆ, ಹಾಗಾಗಿ ಈ ಟ್ಯಾಂಕ್ ತರಿಸಿದ ಪಾಪ ಪುಣ್ಯ ಎರಡರಲ್ಲೂ ನನ್ನ ಪಾಲಿದೆ. ಸ್ಟಾರ್ ಕೊಡುವುದಾದರೆ ಟ್ಯಾಂಕಿಗೆ 4, ಮಾರಿದವರಿಗೆ 2.

ಸಾಮಾನು ಗಟ್ಟಿ ಇದೆ. ಫೈಬರಿನ ತೊಟ್ಟಿ, ಅದರಲ್ಲಿ ಕವುಚಿ ಹಾಕಿದ ಡ್ರಮ್, ಒಂದು ಘನ ಮೀಟರ್. ಗ್ಯಾಸ್ ತುಂಬಿದ ಹಾಗೆ ಡ್ರಮ್ ಮೇಲೆ ಏಳುತ್ತದೆ, ಬೆಳಿಗ್ಗೆ ಮಕ್ಕಳು ಮೊದಲು ಓಡುವುದು ಅದನ್ನು ನೋಡಲಿಕ್ಕೆ. ದಿನಾ ಹಾಕುವುದು ಮಕ್ಕಳ ಊಟದಲ್ಲಿ ಉಳಿದ ಅನ್ನ, ಅಡುಗೆಯ ಸಿಪ್ಪೆ. ಶುರುವಿಗೆ ಸೆಗಣಿ ನೀರು ತುಂಬಿಸಿ ಮೂರು ವಾರ ಕಾದೆವು. ಮೊದಲು ಬಂದ ಗ್ಯಾಸ್ ಉರಿಯಲೇ ಇಲ್ಲ, ಮೋಸ ಹೋದೆವು ಅಂದುಕೊಂಡೆವು. ಅದು ಹಾಗೇ ಅಂತೆ, ಆರಂಭದಲ್ಲಿ ಮೀಥೇನ್ ಕಡಿಮೆ, ಅದನ್ನು ಬಿಟ್ಟುಬಿಡಬೇಕು. ಇದನ್ನು ಮೊದಲೇ ಹೇಳಬಹುದಿತ್ತು ಅಲ್ವಾ?

ಮಾರುವಾಗ ಹೇಳಿದ್ದು, ತಿಂಗಳಿಗೆ ಒಂದು ಸಿಲಿಂಡರ್ ಉಳಿತಾಯ ಅಂತ. ಲೆಕ್ಕ ಪೂರ್ತಿ ಸುಳ್ಳೂ ಅಲ್ಲ. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಅಂದರೆ ಸುಮಾರು 0.45 ಕಿಲೋ ಸಿಲಿಂಡರ್ ಗ್ಯಾಸಿಗೆ ಸಮ, 30 ದಿನವೂ ಡ್ರಮ್ ತುಂಬಿದರೆ ಒಂದು ಸಿಲಿಂಡರಿನ 14.2 ಕಿಲೋ ಹತ್ತಿರ ಬಂತು. ಆದರೆ ಶಾಲೆ ನಡೆಯುವುದೇ ತಿಂಗಳಿಗೆ ಇಪ್ಪತ್ತು ಚಿಲ್ಲರೆ ದಿನ, ಡ್ರಮ್ ದಿನಾ ತುಂಬುವಷ್ಟು ಅನ್ನ ನಮ್ಮಲ್ಲಿ ಎಲ್ಲಿ ಉಳಿಯುತ್ತದೆ? ನಮಗೆ ಸಿಕ್ಕಿದ್ದು ಐದಾರು ತಿಂಗಳಿಗೆ ಒಂದು ಸಿಲಿಂಡರಿನಷ್ಟು. ಮಕ್ಕಳ ಜೀರಿಗೆ ನೀರು ಕಾಯಿಸಲಿಕ್ಕೆ ಸಾಕು, ಅನ್ನ ಬೇಯಿಸಲಿಕ್ಕೆ ಸಾಲದು.

ದೊಡ್ಡ ಎಡವಟ್ಟು ಆದದ್ದು ಓಣಂ ಊಟದ ದಿನ. ಉಳಿದ ಅನ್ನ, ಸಾಂಬಾರು, ಪಾಯಸ ಎಲ್ಲ ಒಟ್ಟಿಗೆ ಸುರಿದರು. ಹುಳಿ ಮಾಡುವ ಸೂಕ್ಷ್ಮಜೀವಿ ಬೇಗ ಕೆಲಸ ಮಾಡುತ್ತದೆ, ಗ್ಯಾಸ್ ಮಾಡುವಂಥದ್ದು ನಿಧಾನ. ಟ್ಯಾಂಕ್ ಹುಳಿಯಾಯಿತು, ಒಲೆ ಆರಿತು, ನಾತ ಆಫೀಸ್ ರೂಮಿನವರೆಗೆ. ಕಂಪೆನಿಗೆ ಫೋನ್ ಮಾಡಿದರೆ ನಾಳೆ ಬರುತ್ತೇವೆ ಅಂದರು, ಆ ನಾಳೆ ಇನ್ನೂ ಬಂದಿಲ್ಲ. ಪುಣ್ಯಕ್ಕೆ ಓಣಂ ರಜೆ ಇತ್ತು. ಅಷ್ಟೂ ದಿನ ಏನೂ ಹಾಕದೆ, ಸ್ವಲ್ಪ ಸ್ವಲ್ಪ ಸೆಗಣಿ ನೀರು ಮಾತ್ರ ಕೊಟ್ಟ ಮೇಲೆ ಸರಿಯಾಯಿತು.

ಇನ್ನೊಂದು ದೂರು. ಪುಸ್ತಕ ಪೂರ್ತಿ ಮಲಯಾಳದಲ್ಲಿದೆ. ನಮ್ಮ ಅಡುಗೆಯ ಅಕ್ಕನಿಗೆ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗೆ ಮಾರುವವರು ಒಂದು ಹಾಳೆ ಕನ್ನಡದಲ್ಲಿ ಕೊಟ್ಟರೆ ಏನು ಗಂಟು ಹೋಗುತ್ತದೆ? ಕೊನೆಗೆ ಟೀಚರ್ ಮಕ್ಕಳ ಕೈಯಲ್ಲೇ ಬೋರ್ಡ್ ಬರೆಸಿದರು: ಲಿಂಬೆ ಸಿಪ್ಪೆ, ಮೊಟ್ಟೆ ಚಿಪ್ಪು, ತೆಂಗಿನ ನಾರು, ಸೋಪಿನ ನೀರು ಹಾಕಬಾರದು.

ಜಾಗ ನೋಡಿ ಇಡಿ. ನಮ್ಮದು ಮುರಕಲ್ಲಿನ ನೆಲ, ಮಳೆಗಾಲದಲ್ಲಿ ಸುರಿದದ್ದೆಲ್ಲ ಕೆಳಗೆ ಇಳಿಯುತ್ತದೆ. ಕಂಪೆನಿಯವರು ಬಾವಿಯ ಪಕ್ಕ ಇಡಲು ಹೊರಟಿದ್ದರು, ಹೆಡ್‌ಮಾಸ್ಟ್ರು ಬಿಡಲಿಲ್ಲ. ಡ್ರಮ್ಮಿನ ಸುತ್ತ ನಿಲ್ಲುವ ನೀರಿಗೆ ಸೊಳ್ಳೆ ಬರುತ್ತದೆ, ವಾರಕ್ಕೊಮ್ಮೆ ನಾಲ್ಕು ಹನಿ ಎಣ್ಣೆ ಬಿಡುತ್ತೇವೆ.

ಈಗ ತಮಾಷೆ ಕೇಳಿ. ಜಾಸ್ತಿ ಸುರಿಯಬಾರದು ಅಂತ ನಾಲ್ಕನೇ ಕ್ಲಾಸಿನವರು ಉಳಿದದ್ದನ್ನು ದಿನಾ ತೂಗಿ ಬರೆಯಲು ಶುರು ಮಾಡಿದರು. ಆಗ ಸುಮಾರು ಮೂರು ಕಿಲೋ ಬರುತ್ತಿತ್ತು. ಪುಟ್ಟ ಮಕ್ಕಳ ತಟ್ಟೆಯಲ್ಲೇ ಜಾಸ್ತಿ ಉಳಿಯುವುದು ಅಂತ ಗೊತ್ತಾದ ಮೇಲೆ ಅಕ್ಕ ಮೊದಲು ಅರ್ಧ ಸೌಟು ಬಡಿಸಿ, ಬೇಕಾದರೆ ಮತ್ತೆ ಹಾಕುತ್ತಾರೆ. ಈಗ ಸಿಪ್ಪೆ ಗಿಪ್ಪೆ ಸೇರಿ ಒಂದೂವರೆ ಕಿಲೋ. ಡ್ರಮ್ ಏಳುವುದೇ ಇಲ್ಲ! ಮೊನ್ನೆ ಮೀಟಿಂಗಿನಲ್ಲಿ ಒಬ್ಬರು, ಇಷ್ಟು ದುಡ್ಡು ಹಾಕಿ ಗ್ಯಾಸ್ ಕಡಿಮೆಯಾಯಿತಲ್ಲ ಅಂತ ಬೇಜಾರು ಮಾಡಿಕೊಂಡರು. ನನಗೆ ನಗು ಬಂತು. ಅನ್ನ ಹೊಟ್ಟೆಗೆ ಹೋಗುವುದು ಒಳ್ಳೆಯದೋ ಟ್ಯಾಂಕಿಗೋ?

ಹಾಗಾಗಿ ಆರ್ಡರ್ ಕೊಡುವ ಮೊದಲು ಎರಡು ವಾರ ಸುಮ್ನೆ ತೂಗಿ ನೋಡಿ. ದಿನಕ್ಕೆ ಎರಡು ಕಿಲೋ ದಾಟದಿದ್ದರೆ ಸಿಮೆಂಟ್ ರಿಂಗಿನ ಕಾಂಪೋಸ್ಟ್ ಸಾಕು, ಖರ್ಚೂ ಕಡಿಮೆ. ಮತ್ತೆ ಎಪ್ರಿಲ್, ಮೇ ರಜೆಯಲ್ಲಿ ಟ್ಯಾಂಕಿಗೆ ಊಟ ಹಾಕುವವರು ಯಾರು ಅಂತ ಈಗಲೇ ಯೋಚಿಸಿ. ನಮ್ಮದು ಮೊದಲ ವರ್ಷ ಒಣಗಿಯೇ ಹೋಗಿತ್ತು. ಈ ಸಲ ಪಕ್ಕದ ಮನೆಯವರು ದಿನಾ ಒಂದು ಬಕೆಟ್ ಸೆಗಣಿ ನೀರು ಹಾಕುತ್ತೇವೆ ಅಂದಿದ್ದಾರೆ, ಬದಲಿಗೆ ಸ್ಲರಿ, ಅಂದರೆ ಟ್ಯಾಂಕಿನಿಂದ ಹೊರಬರುವ ಗೊಬ್ಬರದ ನೀರು, ಪೂರ್ತಿ ಅವರ ಬಾಳೆಗೆ.