ಕ್ಯಾಮೆರಾ ಗಡಿಯಾರ ತಿದ್ದುವುದೋ, ಫೋಟೋ ತಿದ್ದುವುದೋ: ಎರಡನ್ನೂ ಮಾಡಿ ನೋಡಿದ ಲೆಕ್ಕ

ನೇಪಾಳದ ನಗರ್‌ಕೋಟ್ ಗುಡ್ಡದ ಮೇಲೆ ಚಳಿಯಲ್ಲಿ ನಿಂತು ಕ್ಯಾಮೆರಾದಲ್ಲಿ ತೆಗೆದ ಸೂರ್ಯೋದಯದ ಫೋಟೋ. ಕಂಪ್ಯೂಟರ್ ಪ್ರಕಾರ ಅದರ ಸಮಯ ಬೆಳಿಗ್ಗೆ 7:52. ಗುಡ್ಡ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಫೋನಿನಲ್ಲಿ ತೆಗೆದದ್ದು 7:20. ಎರಡನ್ನೂ ಸಮಯದ ಸಾಲಿನಲ್ಲಿ ಜೋಡಿಸಿದರೆ ನಾವು ಬಸ್ಸು ಹತ್ತಿ ಕೆಳಗಿಳಿದು ಅರ್ಧ ಗಂಟೆ ಆದಮೇಲೆ ಸೂರ್ಯ ಹುಟ್ಟಿದ್ದಾನೆ!

ಕಾರಣ ಸರಳ. ಅದಕ್ಕೂ ಮೊದಲು ಬ್ಯಾಂಕಾಕ್‌ನಲ್ಲಿದ್ದೆವು. ಅಲ್ಲಿಯ ಸಮಯ ಯುಟಿಸಿಗಿಂತ, ಅಂದರೆ ಎಲ್ಲ ದೇಶಗಳ ಗಡಿಯಾರಕ್ಕೂ ಅಳತೆಗೋಲಾದ ಸಮಯಕ್ಕಿಂತ, 7 ಗಂಟೆ ಮುಂದೆ, ನೇಪಾಳದ್ದು 5 ಗಂಟೆ 45 ನಿಮಿಷ ಮುಂದೆ. ಫೋನು ನೆಟ್‌ವರ್ಕ್ ಸಿಕ್ಕ ಕೂಡಲೇ ತಾನೇ ಸರಿಹೋಯಿತು, ಕ್ಯಾಮೆರಾ ಬ್ಯಾಂಕಾಕ್‌ನಲ್ಲೇ ಉಳಿಯಿತು. ಒಂದೂಕಾಲು ಗಂಟೆಯ ವ್ಯತ್ಯಾಸ.

ಫೋಟೋ ತೆಗೆದ ವಿವರಗಳನ್ನು ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ಪದ್ಧತಿಗೆ ಎಕ್ಸಿಫ್ ಎನ್ನುತ್ತಾರೆ. ಆ ಎಕ್ಸಿಫ್ ಸಮಯಕ್ಕೆ ಊರು ಗೊತ್ತಿಲ್ಲ, ಅದೇ ತೊಂದರೆಯ ಮೂಲ. ಅಲ್ಲಿ ಇರುವುದು ತಾರೀಖು, ಗಂಟೆ, ನಿಮಿಷ, ಸೆಕೆಂಡು ಅಷ್ಟೇ. ಟೈಮ್ ಝೋನ್ ಬರೆಯಲು ಬೇರೆ ಜಾಗ ಬಂದದ್ದು ಎಕ್ಸಿಫ್‌ನ 2016ರ 2.31ನೇ ಆವೃತ್ತಿಯಲ್ಲಿ. ಈಚಿನ ಕ್ಯಾಮೆರಾಗಳು ಅದನ್ನು ತುಂಬುತ್ತವೆ, ನಿಜ. ಆದರೆ ತುಂಬುವುದು ಮೆನುವಿನಲ್ಲಿ ನಾವು ಏನು ಇಟ್ಟಿರುತ್ತೇವೋ ಅದನ್ನೇ.

ಮೊದಲ ದಾರಿ, ಊರು ಬದಲಾದಾಗಲೆಲ್ಲ ಕ್ಯಾಮೆರಾ ಗಡಿಯಾರ ಬದಲಿಸುವುದು. ಆ ಪ್ರವಾಸದಲ್ಲಿ ನಾನು ಮಾಡುತ್ತಿದ್ದದ್ದು ಇದನ್ನೇ. ನೆನಪಿದ್ದಷ್ಟು ದಿನ ಬಹಳ ಚೆನ್ನ. ಫೋಟೋಗಳನ್ನು ಕಂಪ್ಯೂಟರಿಗೆ ಇಂಪೋರ್ಟ್ ಮಾಡಿದರೆ ಮುಗಿಯಿತು, ಇನ್ನೇನೂ ಮಾಡಬೇಕಿಲ್ಲ. ಆದರೆ ಒಂದು ಸಲ ಮರೆತರೆ, ಎಲ್ಲಿಂದ ಮರೆತೆ, ಮತ್ತೆ ಯಾವ ಫೋಟೋದಿಂದ ಸರಿಮಾಡಿದೆ ಎಂದು ಹುಡುಕುವುದು ಪತ್ತೇದಾರಿಕೆ. ಜೊತೆಗೆ ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವಲ್ಲ, ಆ ಬೇಸಿಗೆ ಸಮಯಕ್ಕೆ ಮೆನುವಿನಲ್ಲಿ ಬೇರೆಯೇ ಸ್ವಿಚ್ ಇರುತ್ತದೆ. ಊರು ಸರಿಯಾಗಿ ಆರಿಸಿ ಆ ಸ್ವಿಚ್ ಮರೆತು ಸರಿಯಾಗಿ ಒಂದು ಗಂಟೆ ತಪ್ಪಿದ್ದೂ ಇದೆ. ಯುರೋಪಿನಲ್ಲಿ ಮಾರ್ಚ್ ಅಥವಾ ಅಕ್ಟೋಬರಿನ ಕೊನೆಯ ಭಾನುವಾರ ನೀವು ಪ್ರವಾಸದ ನಡುವೆ ಇದ್ದರಂತೂ ಊರು ಬದಲಾಗದೆಯೇ ಸಮಯ ಬದಲಾಗುತ್ತದೆ.

ಎರಡನೆಯದು, ಗಡಿಯಾರ ಮುಟ್ಟದೇ ಇರುವುದು. ಇದರಲ್ಲೂ ಎರಡು ಬಗೆ ನೋಡಿದೆ. ಒಂದು ಪ್ರವಾಸ ಪೂರ್ತಿ ಕ್ಯಾಮೆರಾವನ್ನು ಯುಟಿಸಿಗೆ ಇಟ್ಟೆ. ಎಲ್ಲೆಲ್ಲಿ ಓಡಾಡಿದೆವು ಎನ್ನುವ ಜಿಪಿಎಸ್ ದಾಖಲೆಗಳೂ ಯುಟಿಸಿಯಲ್ಲೇ ಇರುವುದರಿಂದ ಎರಡೂ ಸಲೀಸಾಗಿ ಹೊಂದಿದವು. ಆದರೆ ಕ್ಯಾಮೆರಾ ಪರದೆಯಲ್ಲಿ ನೋಡುವಾಗ ಬೆಳಗಿನ ಫೋಟೋಕ್ಕೆ ನಿನ್ನೆಯ ತಾರೀಖು ಕಂಡು ತಲೆ ಕೆಟ್ಟಿತು. ಇನ್ನೊಂದು ಪ್ರವಾಸದಲ್ಲಿ ಮನೆಯ ಸಮಯವನ್ನೇ ಹಾಗೇ ಬಿಟ್ಟೆ. ನನಗೆ ಇದೇ ಒಗ್ಗಿದೆ. ತಪ್ಪು ಇರುತ್ತದೆ, ಆದರೆ ಆ ಊರಲ್ಲಿದ್ದಷ್ಟು ದಿನ ಒಂದೇ ತಪ್ಪು. ಒಂದೇ ಅಳತೆಯ ತಪ್ಪನ್ನು ಸಾವಿರ ಫೋಟೋಗಳಿಗೆ ಒಟ್ಟಿಗೆ ತಿದ್ದಬಹುದು. ಹೊಸ ಊರಿಗೆ ಇಳಿದ ಕೂಡಲೇ ಫೋನಿನ ಗಡಿಯಾರವನ್ನು ಸೆಕೆಂಡು ಕಾಣುವ ಹಾಗೆ ಇಟ್ಟು ಅದರ ಒಂದು ಫೋಟೋ ಹೊಡೆಯುತ್ತೇನೆ. ಅಲ್ಲಿಂದ ಹೊಸ ಊರು ಶುರು ಎನ್ನುವ ಗುರುತೂ ಆಯಿತು, ಎಷ್ಟು ತಿದ್ದಬೇಕೆನ್ನುವ ಲೆಕ್ಕವೂ ಸಿಕ್ಕಿತು. ಮೊದಲ ಸಲ ಹೀಗೆ ಹೊಡೆದಾಗಲೇ ಗೊತ್ತಾದದ್ದು, ನನ್ನ ಕ್ಯಾಮೆರಾ ಟೈಮ್ ಝೋನ್ ಬಿಟ್ಟು ಬೇರೆಯಾಗಿಯೇ ಮೂರು ನಿಮಿಷ ಮುಂದೆ ಓಡುತ್ತಿತ್ತು.

ಇನ್ನು ತಿದ್ದುವ ಸಾಫ್ಟ್‌ವೇರ್. ಫೋಟೋ ಜೋಡಿಸಿ ತಿದ್ದುವ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೋ ತೆಗೆದ ಸಮಯ ಬದಲಿಸುವ ಆಯ್ಕೆ ಮೆಟಾಡೇಟಾ ಮೆನುವಿನಲ್ಲಿದೆ. ಗಂಟೆಗಳ ಲೆಕ್ಕದಲ್ಲಿ ಸರಿಸುವ ಸೌಲಭ್ಯ ನೋಡಿ ಖುಷಿಪಟ್ಟೆ. ನಾನು ಬಳಸಿದ ಆವೃತ್ತಿಯ ಪಟ್ಟಿಯಲ್ಲಿ ಪೂರ್ಣ ಗಂಟೆಗಳು ಮಾತ್ರ ಇದ್ದವು, ನನ್ನ ಒಂದೂಕಾಲಿಗೆ ಅಲ್ಲಿ ಜಾಗವಿರಲಿಲ್ಲ. ಅದಕ್ಕೆ ಉಪಾಯ ಇನ್ನೊಂದು ಆಯ್ಕೆ: ಫೋಟೋಗಳನ್ನೆಲ್ಲ ಸಣ್ಣದಾಗಿ ಸಾಲಾಗಿ ತೋರಿಸುವ ಗ್ರಿಡ್‌ನಲ್ಲಿ ಆ ಊರಿನ ಎಲ್ಲ ಫೋಟೋ ಆರಿಸಿ, ಗಡಿಯಾರದ ಫೋಟೋವನ್ನು ಮುಖ್ಯವಾಗಿಟ್ಟುಕೊಂಡು, ಅದಕ್ಕೆ ಸರಿಯಾದ ಸಮಯ ಟೈಪ್ ಮಾಡುವುದು. ಉಳಿದವೆಲ್ಲ ಅಷ್ಟೇ ಅಂತರ ಸರಿಯುತ್ತವೆ. ಮೂರು ನಿಮಿಷದ ತಪ್ಪೂ ಅದರಲ್ಲೇ ಹೋಯಿತು. ತಪ್ಪಿದರೆ ಮೂಲ ಸಮಯಕ್ಕೆ ಮರಳುವ ಆಯ್ಕೆಯೂ ಇದೆ.

ಆದರೂ ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಇಂಪೋರ್ಟ್ ಆಗುವಾಗಲೇ ತಾರೀಖಿನ ಫೋಲ್ಡರ್ ಆಗಲಿ, ಫೈಲಿನ ಹೆಸರಿನಲ್ಲಿ ಸಮಯ ಸೇರಲಿ ಎಂದು ಹೇಳಿಟ್ಟಿದ್ದೆ. ಸಮಯ ತಿದ್ದಿದ್ದು ಆಮೇಲೆ. ಒಳಗಿನ ಸಮಯ ಸರಿಯಾಯಿತು, ಹೆಸರು ಮತ್ತು ಫೋಲ್ಡರ್ ಹಳೆಯ ಸಮಯದಲ್ಲೇ ಕೂತವು. ರಾತ್ರಿ ಹನ್ನೊಂದರ ಮೆರವಣಿಗೆಯ ಫೋಟೋಗಳೆಲ್ಲ ಮರುದಿನದ ಫೋಲ್ಡರಿನಲ್ಲಿ. ಹೆಸರು ಮತ್ತೆ ಬದಲಿಸಬಹುದು, ಫೋಲ್ಡರಿಗೆ ಕೈಯಾರೆ ಎಳೆದು ಹಾಕಬಹುದು. ಒಂದು ಸಂಜೆ ಪೂರ್ತಿ ಹಾಗೇ ಹೋಯಿತು.

ಹಾಗಾಗಿ ಈಗ ಇಂಪೋರ್ಟ್‌ಗೆ ಮೊದಲೇ ತಿದ್ದುತ್ತೇನೆ. ಫಿಲ್ ಹಾರ್ವಿ ಬರೆದ ಎಕ್ಸಿಫ್‌ಟೂಲ್ ಉಚಿತ. ಕಿಟಕಿ, ಬಟನ್ ಏನೂ ಇಲ್ಲ, ಆಜ್ಞೆ ಟೈಪ್ ಮಾಡಬೇಕು. ಫೋಲ್ಡರಿನ ಎಲ್ಲ ಫೋಟೋಗಳಿಂದ ಒಂದು ಗಂಟೆ ಹದಿನೆಂಟು ನಿಮಿಷ (ಒಂದೂಕಾಲು ಗಂಟೆ, ಜೊತೆಗೆ ಆ ಮೂರು ನಿಮಿಷ) ಕಳೆ ಎಂದರೆ ಒಂದೇ ಸಾಲಿನಲ್ಲಿ ಕಳೆದುಬಿಡುತ್ತದೆ. ಮೂಲ ಫೈಲಿನ ಪ್ರತಿಯನ್ನೂ ಪಕ್ಕದಲ್ಲಿ ಉಳಿಸುತ್ತದೆ, ಡಿಸ್ಕ್ ಸಣ್ಣದಿದ್ದರೆ ಅದೂ ಒಂದು ಕಾಟ. ನನಗೆ ತಡವಾಗಿ ತಿಳಿದದ್ದು: ಎಲ್ಲ ತಾರೀಖುಗಳನ್ನೂ ಒಟ್ಟಿಗೆ ಸರಿಸುವ ಆಜ್ಞೆ ಟೈಮ್ ಝೋನ್ ಬರೆದ ಆ ಹೊಸ ಜಾಗವನ್ನು ಮುಟ್ಟುವುದಿಲ್ಲ. ಸಮಯ ಕಠ್ಮಂಡುವಿನದು, ಝೋನ್ ಬ್ಯಾಂಕಾಕಿನದು ಎನ್ನುವ ಎಡಬಿಡಂಗಿ ಫೈಲು ಉಳಿಯುತ್ತದೆ. ಅದನ್ನು ಬೇರೆಯಾಗಿ ಬರೆಯಬೇಕು.

ಆಜ್ಞೆ ಟೈಪ್ ಮಾಡಲು ಹೆದರುವವರಿಗೆ ಡಿಜಿಕ್ಯಾಮ್ ಎನ್ನುವ ಸಾಫ್ಟ್‌ವೇರ್ ಹೇಳುತ್ತೇನೆ. ಅದೂ ಉಚಿತ. ಗಂಟೆ, ನಿಮಿಷ, ಸೆಕೆಂಡು ಬೇರೆ ಬೇರೆ ತುಂಬಬಹುದು, ಗಡಿಯಾರದ ಫೋಟೋ ತೋರಿಸಿ ಅದರಲ್ಲಿ ಕಾಣುವ ಸಮಯ ತುಂಬಿದರೆ ವ್ಯತ್ಯಾಸವನ್ನು ಅದೇ ಲೆಕ್ಕ ಹಾಕುತ್ತದೆ, ಹಳೆಯ ಸಮಯ ಮತ್ತು ಹೊಸ ಸಮಯವನ್ನು ಅಕ್ಕಪಕ್ಕ ತೋರಿಸಿ ಆಮೇಲೆ ಬರೆಯುತ್ತದೆ. ಡಾರ್ಕ್‌ಟೇಬಲ್ ಎನ್ನುವ ಇನ್ನೊಂದು ಸಾಫ್ಟ್‌ವೇರ್ ಕೂಡ ಸಮಯ ಸರಿಸುತ್ತದೆ, ಆದರೆ ಮೂಲ ಫೈಲನ್ನು ಮುಟ್ಟುವುದಿಲ್ಲ. ತಿದ್ದಿದ್ದನ್ನು ಪಕ್ಕದಲ್ಲಿ ಎಕ್ಸ್‌ಎಂಪಿ ಎನ್ನುವ ಸಣ್ಣ ಫೈಲಿನಲ್ಲಿ ಬರೆದಿಡುತ್ತದೆ. ಅದರಲ್ಲೇ ಕೆಲಸ ಮುಗಿಸುವವರಿಗೆ ಅದೇ ಸಾಕು. ನಾನು ಎರಡು ಮೂರು ಸಾಫ್ಟ್‌ವೇರ್ ಅಲೆಯುವವನು, ನನಗೆ ಫೈಲೇ ಸರಿಯಾಗಿರಬೇಕು.

ನಾಲ್ಕೂ ಬಳಸಿದ ಮೇಲೂ ಬಗೆಹರಿಯದ್ದು ವಿಡಿಯೋ. ಎಂಪಿ4 ಫೈಲಿನೊಳಗಿನ ಸಮಯ ನಿಯಮದ ಪ್ರಕಾರ ಯುಟಿಸಿಯಲ್ಲಿರಬೇಕು. ನನ್ನ ಫೋನು ಹಾಗೇ ಬರೆಯುತ್ತದೆ, ಕ್ಯಾಮೆರಾ ಮಾತ್ರ ತನ್ನ ಗಡಿಯಾರದಲ್ಲಿ ಕಂಡದ್ದನ್ನೇ ಬರೆಯುತ್ತದೆ. ಎರಡನ್ನೂ ಫೋಟೋಗಳ ಜೊತೆ ಒಂದೇ ಫೋಲ್ಡರಿನಲ್ಲಿ ಹಾಕಿ ಎಕ್ಸಿಫ್‌ಟೂಲ್ ಓಡಿಸಿದೆ. ಸರಿಯಿದ್ದ ಫೋನಿನ ವಿಡಿಯೋಗಳೂ ಒಂದೂಕಾಲು ಗಂಟೆ ಹಿಂದೆ ಹೋದವು. ಅಂದಿನಿಂದ ಮೆಮೊರಿ ಕಾರ್ಡು ಖಾಲಿ ಮಾಡುವಾಗ ಮೊದಲ ಕೆಲಸವೇ ವಿಡಿಯೋಗಳನ್ನು ಬೇರೆ ಫೋಲ್ಡರಿಗೆ ಎತ್ತಿಡುವುದು.