ವಿಟ್ಬಿಯಲ್ಲಿ ಒಂದೇ ದಿನ: ಪಾಳುಮಠವೋ, ಉಗಿಬಂಡಿಯೋ?

ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ವಿಟ್ಬಿಗೆ ಹೋದವರು ಕಡಲಂಚಿಗೂ ಮೂರ್ಸ್ ಎಂಬ ಬೋಳುಗುಡ್ಡಗಳಿಗೂ ಒಂದೇ ದಿನ ಓಡಿದರೆ ಎರಡೂ ಅರ್ಧಂಬರ್ಧ.

ಕಡಲ ಕಡೆಗಾದರೆ 199 ಮೆಟ್ಟಿಲು ಹತ್ತಬೇಕು. ಮೇಲಿರುವ ಕ್ರೈಸ್ತ ಮಠ ಸ್ಥಾಪನೆಯಾದದ್ದು 657ರಲ್ಲಿ. ಈಗ ಕಾಣುವ ಪಾಳುಗೋಡೆಗಳು ಶತಮಾನಗಳಷ್ಟು ಈಚಿನವು. ಚಾವಣಿಯಿಲ್ಲ, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಮಳೆ ಹಿಡಿದರೆ ಕೆಳಗಿಳಿದು, ಕಡಲಯಾನಿ ಕ್ಯಾಪ್ಟನ್ ಕುಕ್ ಹುಡುಗನಾಗಿ ಹಡಗಿನ ಕಸುಬು ಕಲಿಯುತ್ತಿದ್ದಾಗ ತಂಗಿದ್ದ ಮನೆಯ ವಸ್ತುಸಂಗ್ರಹಾಲಯಕ್ಕೆ ನುಗ್ಗಬಹುದು.

ಗುಡ್ಡಗಳ ಕಡೆಗಾದರೆ ಉಗಿಬಂಡಿ. ಹತ್ತಿರದ ಗ್ರೋಮಾಂಟ್ ಹಳ್ಳಿಯಿಂದ ಪಿಕರಿಂಗ್ ಪಟ್ಟಣದವರೆಗಿನ 29 ಕಿ.ಮೀ. ಹಳೆಯ ರೈಲುಹಾದಿಯ ಟಿಕೆಟ್ ದುಬಾರಿ. ಆದರೆ ಮಂಡಿನೋವಿನವರೂ ಮಕ್ಕಳೂ ಕುಳಿತಲ್ಲೇ ಗುಡ್ಡ ನೋಡುತ್ತಾರೆ. ಕೆಲವು ಬಂಡಿಗಳು ವಿಟ್ಬಿಯಿಂದಲೇ ಹೊರಡುತ್ತವೆ. ಆಗಸ್ಟ್‌ನಲ್ಲಿ ಹೀದರ್ ಎಂಬ ಕುರುಚಲು ಗಿಡ ಹೂಬಿಟ್ಟು ಗುಡ್ಡವೆಲ್ಲ ನೇರಳೆಯಾಗುವಾಗ ನನ್ನ ಮತ ರೈಲಿಗೇ. ಉಳಿದ ತಿಂಗಳುಗಳಲ್ಲಿ ಮೆಟ್ಟಿಲು ಹತ್ತುತ್ತೇನೆ, ಹತ್ತುವುದಕ್ಕೆ ಟಿಕೆಟ್ಟೂ ಇಲ್ಲ, ಮಠದೊಳಕ್ಕೆ ಮಾತ್ರ ಬೇಕು.