ಸಿಂತ್‌ಪಾಪ್ ಹುಡುಕಲು ಆಪ್ ಒಂದೇ ಸಾಕೇ?

ಸಿಂತ್‌ಪಾಪ್ ಅಂದರೆ ಸಿಂಥಸೈಸರ್ ಮುಖ್ಯವಾದ ಪಾಪ್ ಸಂಗೀತ. ಅದನ್ನು ಹುಡುಕುವ ಬೇರೆ ಬೇರೆ ದಾರಿಗಳನ್ನು ಹೋಲಿಸಿದಾಗ ಎಲ್ಲ ಕಡೆಯೂ ಒಂದೇ ಬಿಂದುವಿನಿಂದ ಹೊರಟಿದ್ದು: ಬ್ರಿಟನ್ನಿನ ಡಿಪೆಷ್ ಮೋಡ್ ತಂಡದ 1981ರ ಚೊಚ್ಚಲ ಆಲ್ಬಂ. ಕೇಳಿ ನೋಡಿದ್ದು ಎರಡು ಜಾಗದಲ್ಲಿ. ಒಂದು ಶಿವಮೊಗ್ಗ ಪೇಟೆಯ ಫೈಬರ್ ಸಂಪರ್ಕ; ಇನ್ನೊಂದು ತೀರ್ಥಹಳ್ಳಿ ದಾಟಿ ಆಗುಂಬೆ ದಿಕ್ಕಿಗೆ, ಮಳೆ ಹಿಡಿದರೆ ಸಿಗ್ನಲ್ ಒಂದೇ ಕಡ್ಡಿಗೆ ಇಳಿಯುವ ಹಂಚಿನ ಮನೆ.

ಮೊದಲು ಸ್ಟ್ರೀಮಿಂಗ್ ಆಪ್. ಆಲ್ಬಂ ಮುಗಿದ ಮೇಲೆ ಅದು ತಾನಾಗಿ ಮುಂದುವರಿಸುವ ಪಟ್ಟಿಯಲ್ಲಿ ನ್ಯೂ ಆರ್ಡರ್, ಹ್ಯೂಮನ್ ಲೀಗ್ ತಂಡಗಳು ಬಂದವು. ಅಲ್ಲಿಂದ ಮುಂದೆ ಹೋದರೆ ತಿರುಗಿ ಡಿಪೆಷ್ ಮೋಡ್. ಗಾಣದ ಎತ್ತಿನ ಸುತ್ತು. ಇದನ್ನು ಕೇಳಿದವರು ಬೇರೇನು ಕೇಳಿದರು ಎಂಬ ಲೆಕ್ಕವೇ ಇಂಥ ಶಿಫಾರಸಿಗೆ ದೊಡ್ಡ ಆಧಾರವಾದ್ದರಿಂದ, ಈಗಾಗಲೇ ಜನಪ್ರಿಯವಾದದ್ದೇ ಮತ್ತೆ ಮೇಲೆ ತೇಲುತ್ತದೆ. ಹೆಸರಾಂತ ಹಾಡಿನ ಬದಲು ಆಲ್ಬಂನ ಕೊನೆಯಲ್ಲಿರುವ, ಯಾರೂ ಹೆಚ್ಚು ಕೇಳದ ಹಾಡಿನಿಂದ ಶುರು ಮಾಡಿದರೆ ಸುತ್ತು ಸ್ವಲ್ಪ ಅಗಲವಾಗುತ್ತದೆ. ಮನೆಮಂದಿಯೆಲ್ಲ ಅದೇ ಅಕೌಂಟ್‌ನಲ್ಲಿ ಭಾವಗೀತೆ, ಯಕ್ಷಗಾನ ಕೇಳುವುದಾದರೆ ಬೇರೆ ಪ್ರೊಫೈಲ್ ಮಾಡಿಕೊಳ್ಳುವುದೇ ಮೇಲು.

ಆಪ್ ತೋರಿಸುವ ಇಸವಿಯನ್ನೂ ನಂಬಿ ಕೂರಬೇಡಿ. ಎಷ್ಟೋ ಸಲ ಅದು ರೀಮಾಸ್ಟರ್ ಆದ, ಅಂದರೆ ಹಳೆಯ ಧ್ವನಿಮುದ್ರಣವನ್ನು ಹೊಸದಾಗಿ ಹದಗೊಳಿಸಿದ ವರ್ಷ. ನ್ಯೂ ಆರ್ಡರ್‌ನ 1983ರ ‘ಬ್ಲೂ ಮಂಡೇ’ ಹುಡುಕಿದವರ ಕೈಗೆ 1988ರ ರೀಮಿಕ್ಸ್ ಸಿಗುವುದುಂಟು. ಮೂಲದ 12 ಇಂಚಿನ ತಟ್ಟೆಯಲ್ಲಿ ಹಾಡು ಸುಮಾರು ಏಳೂವರೆ ನಿಮಿಷ. ನಾಲ್ಕು ನಿಮಿಷಕ್ಕೆ ಮುಗಿದರೆ ನೀವು ಕೇಳಿದ್ದು ಅದಲ್ಲ.

ಘಟ್ಟದ ಮನೆಗೆ ಹೇಳಿ ಮಾಡಿಸಿದ್ದು ಇಂಟರ್‌ನೆಟ್ ರೇಡಿಯೋ. ಸ್ಯಾನ್ ಫ್ರಾನ್ಸಿಸ್ಕೋದ ಸೋಮಾ ಎಫ್‌ಎಂ ಕೇಳುಗರ ದೇಣಿಗೆಯಿಂದ ನಡೆಯುವಂಥದ್ದು, ಜಾಹೀರಾತಿಲ್ಲ. ಅದರ ‘ಅಂಡರ್‌ಗ್ರೌಂಡ್ 80ಸ್’ ವಾಹಿನಿಯಲ್ಲಿ ಹಾಡು ಆರಿಸುವವರು ಮನುಷ್ಯರು. ಡೇಟಾದ ಲೆಕ್ಕ ಹೀಗೆ: 320 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ ಹರಿಯುವ ಡೇಟಾದ ಅಳತೆ) ಗಂಟೆಗೆ 144 ಎಂಬಿ, 128ರಲ್ಲಿ 58, 64ರಲ್ಲಿ 29. ಒಂದು ಕಡ್ಡಿ ಸಿಗ್ನಲ್‌ಗೆ 64ರ ಎಎಸಿ (ಕಡಿಮೆ ಡೇಟಾದಲ್ಲಿ ಧ್ವನಿ ಅಡಕ ಮಾಡುವ ಬಗೆ) ಸಾಕು. ಅದಕ್ಕೂ ಕೆಳಗಿಳಿದರೆ ಬೇಸ್ ಹಾಗೇ ಉಳಿದು, ಡ್ರಮ್ ಮಷಿನ್‌ನ ಹೈಹ್ಯಾಟ್ (ಜೋಡಿ ತಾಳದ ಸದ್ದು) ಮಾತ್ರ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ ಚುಂಯ್‌ಗುಡುತ್ತದೆ. ಮಧ್ಯೆ ಮಧ್ಯೆ ಕಡಿಯುತ್ತಿದ್ದರೆ ಬ್ರೌಸರ್ ಬಿಟ್ಟು ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿ, ನೆಟ್‌ವರ್ಕ್ ಕ್ಯಾಶಿಂಗ್ (ಹಾಡನ್ನು ಮುಂಗಡವಾಗಿ ತುಂಬಿಟ್ಟುಕೊಳ್ಳುವ ಅವಧಿ) ಮೌಲ್ಯವನ್ನು 1000ದಿಂದ 10000 ಮಿಲಿಸೆಕೆಂಡಿಗೆ ಏರಿಸಿ. ಹಾಡು ಶುರುವಾಗುವುದು ಹತ್ತು ಸೆಕೆಂಡ್ ತಡ, ಆದರೆ ಸಣ್ಣಪುಟ್ಟ ಕಡಿತ ಕಿವಿಗೆ ಬೀಳುವುದಿಲ್ಲ. ಹೋದ ಹಾಡನ್ನು ಹಿಂದಕ್ಕೆ ತಿರುಗಿಸಲಾಗದು, ಹೆಸರನ್ನು ಆಗಲೇ ಬರೆದಿಟ್ಟುಕೊಳ್ಳಬೇಕು.

ಬರೆದಿಟ್ಟ ಹೆಸರಿಗೆ ಬೆಲೆ ಬರುವುದು ತಟ್ಟೆಗಳ ಮಾಹಿತಿ ಕಲೆಹಾಕುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ. ಇಲ್ಲಿ ಕೇಳುವುದಕ್ಕಿಂತ ಓದುವುದೇ ಹೆಚ್ಚು: ಯಾವ ತಟ್ಟೆಗೆ ಯಾರು ಬರೆದರು, ಯಾರು ಧ್ವನಿಮುದ್ರಿಸಿದರು, ಹೊರತಂದ ಲೇಬಲ್ (ಸಂಸ್ಥೆ) ಯಾವುದು. ನಾವು ಶುರು ಮಾಡಿದ ಡಿಪೆಷ್ ಮೋಡ್ ಆಲ್ಬಂನ ಹೆಚ್ಚಿನ ಹಾಡು ಬರೆದವರು ವಿನ್ಸ್ ಕ್ಲಾರ್ಕ್. ಅವರ ಹೆಸರು ಒತ್ತಿದರೆ 1982ರ ಯಾಝೂ, ಆಮೇಲೆ ಇರೇಷರ್ ತಂಡಗಳು. ಲೇಬಲ್ ಮ್ಯೂಟ್, ಸ್ಥಾಪಿಸಿದವರು ಡೇನಿಯಲ್ ಮಿಲ್ಲರ್. ಅಲ್ಲಿಂದ ಫ್ಯಾಡ್ ಗ್ಯಾಜೆಟ್, ಜರ್ಮನಿಯ ಡಿಎಎಫ್. ಡಿಎಎಫ್‌ನ ಧ್ವನಿಮುದ್ರಣ ರೂಪಿಸಿದ ಕೋನಿ ಪ್ಲಾಂಕ್ ಹೆಸರು ಹಿಡಿದರೆ 1974ರ ಕ್ರಾಫ್ಟ್‌ವರ್ಕ್ ಒಂದು ಕಡೆ, 1980ರ ಅಲ್ಟ್ರಾವಾಕ್ಸ್ ಇನ್ನೊಂದು ಕಡೆ. ಐದು ಕ್ಲಿಕ್‌ನಲ್ಲಿ ಇಷ್ಟು ದೂರ ಯಾವ ಆಪೂ ಒಯ್ಯಲಿಲ್ಲ. ಪುಟಗಳಲ್ಲಿ ಬಹುಪಾಲು ಅಕ್ಷರವೇ ಆದ್ದರಿಂದ ಮಳೆಯಲ್ಲೂ ತೆರೆಯುತ್ತವೆ. ನಮ್ಮದೇ ಚರಣ್‌ಜಿತ್ ಸಿಂಗ್ 1982ರಲ್ಲಿ ಮುಂಬೈಯಲ್ಲಿ ರೋಲ್ಯಾಂಡ್‌ನ ಟಿಬಿ-303 ಬೇಸ್ ಸಿಂತ್, ಟಿಆರ್-808 ಡ್ರಮ್ ಮಷಿನ್ ಇಟ್ಟುಕೊಂಡು ರಾಗಗಳನ್ನು ನುಡಿಸಿದ್ದು ಲೋಕಕ್ಕೆ ತಿಳಿದದ್ದೂ ತಟ್ಟೆ ಹುಡುಕುವವರಿಂದಲೇ, 2010ರ ಮರುಮುದ್ರಣದ ನಂತರ.

ಹೊಸಬರನ್ನು ಹುಡುಕುವುದಾದರೆ ಕಲಾವಿದರಿಂದ ನೇರವಾಗಿ ಹಾಡು ಕೊಳ್ಳುವ ತಾಣ ಬ್ಯಾಂಡ್‌ಕ್ಯಾಂಪ್. ಸಿಂತ್‌ಪಾಪ್ ಟ್ಯಾಗ್ ತೀರಾ ಅಗಲ. ಕೋಲ್ಡ್‌ವೇವ್, ಮಿನಿಮಲ್ ಸಿಂತ್ ಎಂಬಂಥ ಒಳಪ್ರಕಾರಗಳಿಗೆ ಕಿರಿದು ಮಾಡಿ ಹೊಸದು ಮೊದಲು ಬರುವಂತೆ ಜೋಡಿಸಿ. ಇಷ್ಟವಾದ ಆಲ್ಬಂ ಪಕ್ಕದಲ್ಲಿ ಕೊಂಡವರ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಅವರ ಇಡೀ ಸಂಗ್ರಹ ತೆರೆದುಕೊಳ್ಳುತ್ತದೆ. ಕಾಸು ಕೊಟ್ಟು ಕೊಂಡವರ ರುಚಿ ಇದು, ಯಂತ್ರದ ಊಹೆಗಿಂತ ನಂಬಿಕಸ್ಥ. ದೊಡ್ಡ ಲೇಬಲ್‌ಗಳ ಹಳೆಯ ಆಲ್ಬಂಗಳನ್ನು ಮಾತ್ರ ಇಲ್ಲಿ ಹೆಚ್ಚು ನಿರೀಕ್ಷಿಸಬೇಡಿ.

ಕೊಳ್ಳುವಾಗ ಎಡವುವುದು ಕಾರ್ಡ್‌ನಲ್ಲಿ. ಬ್ಯಾಂಕ್ ಆಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಆನ್ ಆಗಿರಬೇಕು, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಡಾಲರ್, ಯೂರೋ ಬೆಲೆಯ ಮೇಲೆ ಬ್ಯಾಂಕಿನ ವಿನಿಮಯ ಶುಲ್ಕವೂ ಬೀಳುತ್ತದೆ. 45 ನಿಮಿಷದ ಆಲ್ಬಂ 320ರ ಎಂಪಿ3ಯಲ್ಲಿ 108 ಎಂಬಿ, ಗುಣಮಟ್ಟ ಕಳೆಯದ ಫ್ಲ್ಯಾಕ್‌ನಲ್ಲಿ ಅದರ ಎರಡು ಮೂರು ಪಟ್ಟು. ಆ ಜಿಪ್ ಫೈಲನ್ನು ಶಿವಮೊಗ್ಗದಲ್ಲೇ ಇಳಿಸಿ, ಅಲ್ಲೇ ಬಿಚ್ಚಿ ನೋಡಿ. ಅರ್ಧಕ್ಕೆ ನಿಂತ ಜಿಪ್ ಆಗುಂಬೆಯಲ್ಲಿ ತೆರೆಯುವುದಿಲ್ಲ.

ಯೂಟ್ಯೂಬ್ ಬೇರೆಲ್ಲೂ ಸಿಗದ 12 ಇಂಚಿನ ಸಿಂಗಲ್‌ಗಳಿಗೆ ಮಾತ್ರ. ಕ್ಯಾಸೆಟ್‌ನಿಂದ ಏರಿಸಿದವುಗಳಲ್ಲಿ ವೇಗ ಹೆಚ್ಚುಕಡಿಮೆಯಾಗಿ ಶ್ರುತಿಯೇ ಸರಿದಿರುತ್ತದೆ. ಡಿಸ್ಕಾಗ್ಸ್‌ನಲ್ಲಿರುವ ಅವಧಿಯ ಜೊತೆ ತಾಳೆ ನೋಡಿದರೆ ತಿಳಿಯುತ್ತದೆ.

ಯಾವ ದಾರಿಯಾದರೂ ಫೋನಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನಿಸಬೇಡಿ. ಸಿಂತ್ ಬೇಸ್‌ನ ಕೆಳಸ್ವರ ಅದರಲ್ಲಿ ಬರುವುದೇ ಇಲ್ಲ, ಉಳಿದದ್ದನ್ನು ಹಂಚಿನ ಮೇಲಿನ ಮಳೆ ನುಂಗುತ್ತದೆ. ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್ ಇರಲಿ. ಕರೆಂಟ್ ಹೋದಾಗ ಅದಕ್ಕೆ ಚಾರ್ಜೂ ಬೇಡ.